ಗಡಸು ಧೂಳು, ಗಡಸು ನೀರು

ಮೋಟಾರ್‌ಸೈಕಲ್ಲಿನ ಟ್ಯಾಂಕಿನ ಮೇಲೆ ಕಾಣುವ ಹೊಳಪು ಬಹುಪಾಲು ಬಣ್ಣದಿಂದ ಬರುವುದಿಲ್ಲ. ಬಣ್ಣದ ಮೇಲೆ ಹೊದಿಸಿರುವ, ತನ್ನದೇ ಆದ ಯಾವ ಬಣ್ಣವೂ ಇಲ್ಲದ ಒಂದು ಪಾರದರ್ಶಕ ಪದರದಿಂದ ಬರುತ್ತದೆ. ಕಾರ್ಖಾನೆಯಲ್ಲಿ ಉಕ್ಕಿನ ತಗಡಿಗೆ ಮೊದಲು ತುಕ್ಕು ತಡೆಯುವ ಫಾಸ್ಫೇಟ್ ಸಂಸ್ಕಾರ ನಡೆಯುತ್ತದೆ, ಅದರ ಮೇಲೆ ಪ್ರೈಮರ್, ಪ್ರೈಮರಿನ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂದು ಕರೆಯುವ ಅಕ್ರಿಲಿಕ್ ಅಥವಾ ಪಾಲಿಯುರೆಥೇನ್ ಜಾತಿಯ ರಾಳ ಕೂರುತ್ತದೆ. ಈ ಕೊನೆಯ ಪದರದ ದಪ್ಪ ಸಾಮಾನ್ಯವಾಗಿ 30ರಿಂದ 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 30ರಿಂದ 50 ಭಾಗ. ಮನುಷ್ಯನ ತಲೆಗೂದಲು ಇದಕ್ಕಿಂತ ದಪ್ಪವಾಗಿರುತ್ತದೆ. ಬಿಸಿಲಿನ ಅತಿನೇರಳೆ ಕಿರಣ, ಮಳೆ, ಹಕ್ಕಿಯ ಹಿಕ್ಕೆ, ಚೆಲ್ಲಿದ ಪೆಟ್ರೋಲ್ ಎಲ್ಲವನ್ನೂ ತಡೆದುಕೊಳ್ಳಬೇಕಾದದ್ದು ಇದೇ ಪದರ, ಮತ್ತು ಮಾಲೀಕರು ಪ್ರತಿ ಸಲ ಗಾಡಿ ಒರೆಸುವಾಗ ಒಂದಿಷ್ಟು ಸವೆಸುವುದೂ ಇದನ್ನೇ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಮನೆಯಲ್ಲಿ ಬೈಕು ತೊಳೆಯುವ ಕೆಲಸದಲ್ಲಿ ಮುಖ್ಯವಾದ ಪ್ರಶ್ನೆ ಎಷ್ಟು ಚೆನ್ನಾಗಿ ಉಜ್ಜಬೇಕೆಂಬುದಲ್ಲ, ಉಜ್ಜದೆಯೇ ಕೊಳೆಯನ್ನು ಹೇಗೆ ಬಿಡಿಸಬೇಕೆಂಬುದು.

ಹಲಸೂರಿನಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಸೋಮೇಶ್ವರ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ, ಜೋಗುಪಾಳ್ಯದಲ್ಲಿ, ಮರ್ಫಿ ಟೌನಿನಲ್ಲಿ ಮನೆಗೆ ಮನೆ ತಾಗಿಕೊಂಡಿರುವುದರಿಂದ ಗಾಡಿ ನಿಲ್ಲಿಸಲು ಅಂಗಳವಿರುವ ಮನೆಗಳು ಕಡಿಮೆ, ಬೈಕು ರಾತ್ರಿಯೆಲ್ಲ ಬೀದಿಯ ಅಂಚಿನಲ್ಲಿಯೇ ನಿಲ್ಲುತ್ತದೆ. ಪಕ್ಕದ ಹಳೇ ಮದ್ರಾಸ್ ರಸ್ತೆಯ ವಾಹನಗಳು ಎಬ್ಬಿಸುವ ಧೂಳು, ಹಳೆಯ ಮನೆಗಳನ್ನು ಕೆಡವಿ ಕಟ್ಟುವ ಕೆಲಸದ ಧೂಳು ಎರಡೂ ಅದರ ಮೇಲೆ ಬಂದು ಕೂರುತ್ತವೆ. ಈ ಧೂಳು ಯಾವುದರಿಂದ ಆಗಿದೆ ಎಂದು ತಿಳಿಯಲು ಊರಿನ ಕೆಳಗಿರುವ ಬಂಡೆಯನ್ನು ನೆನೆದರೆ ಸಾಕು. ಬೆಂಗಳೂರು ನಿಂತಿರುವುದು ಪೆನಿನ್ಸುಲಾರ್ ನೀಸ್ ಎಂಬ ಸುಮಾರು 300 ಕೋಟಿ ವರ್ಷ ಹಳೆಯ ಪಟ್ಟೆ ಪಟ್ಟೆಯ ಶಿಲೆಯ ಮೇಲೆ, ಲಾಲ್‌ಬಾಗಿನ ಗುಡ್ಡದಲ್ಲಿ ಬಯಲಿಗೆ ಕಾಣುವುದೂ ಅದೇ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿರುವುದೂ ಅದನ್ನೇ. ಆ ಶಿಲೆಯ ಮುಖ್ಯ ಖನಿಜಗಳು ಬೆಣಚು ಮತ್ತು ಫೆಲ್ಡ್‌ಸ್ಪಾರ್. ಖನಿಜಗಳ ಗಡಸುತನವನ್ನು ಅಳೆಯಲು ಜರ್ಮನಿಯ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ, ವಜ್ರಕ್ಕೆ 10 ಅಂಕ ಕೊಡುವ ಮಾಪಕದಲ್ಲಿ ಬೆಣಚಿಗೆ 7, ಫೆಲ್ಡ್‌ಸ್ಪಾರಿಗೆ 6. ಸಾಮಾನ್ಯ ಚಾಕುವಿನ ಅಲಗು ಐದೂವರೆಯ ಆಸುಪಾಸು ನಿಲ್ಲುತ್ತದೆ. ರಾಳದ ಪದರವಂತೂ ಇವೆಲ್ಲಕ್ಕಿಂತ ಬಹಳ ಮೆದು. ಇದರ ಜೊತೆಗೆ, ನದಿಯ ಮರಳಿನ ಜಾಗಕ್ಕೆ ಬಂದಿರುವ ಎಂ ಸ್ಯಾಂಡ್, ಬಂಡೆಯನ್ನು ಯಂತ್ರದಲ್ಲಿ ಪುಡಿ ಮಾಡಿ ತೆಗೆದದ್ದಾದ್ದರಿಂದ, ಅದರ ಕಣಗಳು ನೀರಿನಲ್ಲಿ ಉರುಳಿ ನುಣುಪಾದ ಹೊಳೆಯ ಮರಳಿನಂತಿರದೆ ಮೂಲೆ ಮೂಲೆಯಾಗಿ, ಚೂಪಾಗಿರುತ್ತವೆ.

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಸೀಟಿನ ಕೆಳಗಿನ ಒಣ ಬಟ್ಟೆಯನ್ನು ತೆಗೆದು ಟ್ಯಾಂಕನ್ನು ನಾಲ್ಕು ಸುತ್ತು ಒರೆಸುವ ರೂಢಿ ಗಾಡಿಯ ಮೇಲಿನ ಅಕ್ಕರೆಯಿಂದಲೇ ಬಂದದ್ದು, ಆದರೆ ಬಣ್ಣಕ್ಕೆ ಅದರಷ್ಟು ಹಾನಿ ಮಾಡುವ ಇನ್ನೊಂದು ನಿತ್ಯದ ಕೆಲಸವಿಲ್ಲ. ಬಟ್ಟೆ ಮತ್ತು ರಾಳದ ನಡುವೆ ಸಿಕ್ಕಿಕೊಂಡ ಬೆಣಚಿನ ಕಣ ಕೈಯ ಒತ್ತಡದಲ್ಲಿ ಸಣ್ಣ ಗೆರೆಗಳನ್ನು ಕೊರೆಯುತ್ತಾ ಹೋಗುತ್ತದೆ. ಹಗಲಿನಲ್ಲಿ ಈ ಗೆರೆಗಳು ಒಂದೊಂದಾಗಿ ಕಾಣುವುದಿಲ್ಲ, ಬಣ್ಣ ಮಂಕಾಗಿದೆ ಎಂದಷ್ಟೇ ತೋರುತ್ತದೆ. ರಾತ್ರಿ ಕಪ್ಪು ಟ್ಯಾಂಕಿನ ಮೇಲೆ ಮೊಬೈಲಿನ ಟಾರ್ಚ್ ಹಿಡಿದರೆ, ಬೆಳಕಿನ ಬಿಂಬದ ಸುತ್ತ ಜೇಡರ ಬಲೆಯಂಥ ವರ್ತುಲಗಳು ಎದ್ದು ಕಾಣುತ್ತವೆ; ಟಾರ್ಚನ್ನು ಅತ್ತ ಸರಿಸಿದರೆ ವರ್ತುಲಗಳೂ ಅದರ ಜೊತೆಗೇ ಅತ್ತ ಸರಿಯುತ್ತವೆ. ಗೆರೆಗಳು ನಿಜವಾಗಿ ವರ್ತುಲಾಕಾರದಲ್ಲಿ ಇರುವುದಿಲ್ಲ. ಎಲ್ಲ ದಿಕ್ಕಿಗೂ ಹರಡಿರುವ ಸಾವಿರಾರು ಗೀರುಗಳ ಪೈಕಿ, ಬೆಳಕಿನ ಬಿಂಬದಿಂದ ಹೊರಟ ರೇಖೆಗೆ ಅಡ್ಡಲಾಗಿರುವ ಗೀರುಗಳು ಮಾತ್ರ ಬೆಳಕನ್ನು ಕಣ್ಣಿಗೆ ಮರಳಿಸುವುದರಿಂದ, ಎಲ್ಲಿ ಬೆಳಕು ಹಿಡಿದರೂ ಅದರ ಸುತ್ತ ವರ್ತುಲವೊಂದು ಕಟ್ಟಿಕೊಂಡಂತೆ ಕಾಣುತ್ತದೆ. ಡಿಟೈಲಿಂಗ್, ಅಂದರೆ ಗಾಡಿಯನ್ನು ಕೂಲಂಕಷವಾಗಿ ತೊಳೆದು ಹೊಳಪು ಕೊಡುವ ಕೆಲಸ ಮಾಡುವವರು ಸ್ವರ್ಲ್ ಎಂದು ಕರೆಯುವುದು ಇದನ್ನೇ, ಮತ್ತು ಪಾಲಿಶ್ ಹಾಕಿ ಅದನ್ನು ತೆಗೆಯುವುದೆಂದರೆ ಗೀರಿನ ತಳ ಮುಟ್ಟುವವರೆಗೆ ಸುತ್ತಲಿನ ಪದರವನ್ನೂ ಸವೆಸುವುದು.

ಹಾಗಿದ್ದರೆ ಪೈಪು ಹಿಡಿದು ಜೋರಾಗಿ ನೀರು ಬಿಟ್ಟರೆ ಧೂಳೆಲ್ಲ ಹೋಗಬೇಕಲ್ಲ ಎಂದು ತೋರುವುದು ಸಹಜ. ದಪ್ಪ ಮಣ್ಣು, ಕೆಸರು ಹೋಗುತ್ತವೆ, ನುಣ್ಣನೆಯ ಬೂದು ಪೊರೆ ಉಳಿಯುತ್ತದೆ. ಒಣಗಿದ ಮೇಲೆ ಬೆರಳಿನಿಂದ ಗೀಚಿದರೆ ಅದು ಕಾಣುತ್ತದೆ. ಇದಕ್ಕೆ ಕಾರಣಗಳು ಎರಡು. ಮೊದಲನೆಯದು ಅಂಟಿಕೆಯ ಬಲ. ಯಾವುದೇ ಎರಡು ಮೇಲ್ಮೈಗಳು ಅತಿ ಸಮೀಪಕ್ಕೆ ಬಂದಾಗ ಅವುಗಳ ಅಣುಗಳ ನಡುವೆ ವ್ಯಾನ್ ಡರ್ ವಾಲ್ಸ್ ಸೆಳೆತವೆಂಬ ದುರ್ಬಲ ಆಕರ್ಷಣೆ ಏರ್ಪಡುತ್ತದೆ. ಕಣ ಚಿಕ್ಕದಾದಂತೆ ಈ ಸೆಳೆತ ಅದರ ವ್ಯಾಸದ ಪ್ರಮಾಣದಲ್ಲಿ ಕಡಿಮೆಯಾದರೆ, ಕಣದ ತೂಕ ವ್ಯಾಸದ ಘನದ ಪ್ರಮಾಣದಲ್ಲಿ ಕುಸಿಯುವುದರಿಂದ, ಕೆಲವೇ ಮೈಕ್ರಾನಿನ ಕಣಕ್ಕೆ ತನ್ನ ತೂಕಕ್ಕಿಂತ ಅಂಟಿಕೆಯೇ ಎಷ್ಟೋ ಪಟ್ಟು ಹೆಚ್ಚಾಗಿರುತ್ತದೆ. ಎರಡನೆಯದು ನೀರಿನ ಹರಿವಿನ ಸ್ವಭಾವ. ಯಾವುದೇ ಮೇಲ್ಮೈಯ ಮೇಲೆ ಹರಿಯುವ ದ್ರವ ಆ ಮೇಲ್ಮೈಯನ್ನು ತಾಗುವಲ್ಲಿ ಚಲಿಸದೆ ನಿಂತಿರುತ್ತದೆ, ಅಲ್ಲಿಂದ ದೂರ ಹೋದಂತೆ ಅದರ ವೇಗ ಏರುತ್ತದೆ. ಈ ನಿಧಾನಗತಿಯ ತೆಳು ಪದರಕ್ಕೆ ಸೀಮಾಸ್ತರವೆಂದು ಹೆಸರು. ಸಣ್ಣ ಕಣಗಳು ಇಡಿಯಾಗಿ ಈ ಸ್ತರದೊಳಗೇ ಮುಳುಗಿರುವುದರಿಂದ ಮೇಲೆ ಎಷ್ಟು ನೀರು ಹರಿದುಹೋದರೂ ಅವಕ್ಕೆ ಅದರ ಬಿಸಿ ತಟ್ಟುವುದಿಲ್ಲ. ಮೊದಲ ಒಂದು ನಿಮಿಷದಲ್ಲಿ ಹೋಗದ ಧೂಳು ಹತ್ತನೆಯ ನಿಮಿಷದಲ್ಲೂ ಹೋಗದು ಎಂಬುದನ್ನು ಗಾಡಿ ತೊಳೆಯುವ ಪ್ರತಿಯೊಬ್ಬರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಉಳಿದ ಒಂಬತ್ತು ನಿಮಿಷಗಳ ನೀರು ಬಣ್ಣಕ್ಕೂ ಉಪಯೋಗವಿಲ್ಲದೆ ಊರಿಗೂ ಉಪಯೋಗವಿಲ್ಲದೆ ಚರಂಡಿ ಸೇರುತ್ತದೆ.

ಉಳಿದ ಪೊರೆಯನ್ನು ಬಿಡಿಸುವ ಕೆಲಸ ಮಾರ್ಜಕದ್ದು. ಮಾರ್ಜಕದ ಅಣುವಿಗೆ ನೀರನ್ನು ಬಯಸುವ ಒಂದು ತಲೆ, ಎಣ್ಣೆಯನ್ನು ಬಯಸುವ ಒಂದು ಬಾಲ ಇರುತ್ತವೆ. ರಸ್ತೆಯ ಕೊಳೆಯಲ್ಲಿ ಧೂಳಿನ ಜೊತೆಗೆ ಹೊಗೆಯ ಮಸಿ, ಎಂಜಿನ್ನಿನ ಎಣ್ಣೆಯ ತುಂತುರು, ಟೈರಿನ ರಬ್ಬರು ಬೆರೆತಿರುವುದರಿಂದ ಅಣುಗಳ ಬಾಲಗಳು ಅದರೊಳಗೆ ನಾಟಿಕೊಳ್ಳುತ್ತವೆ, ತಲೆಗಳು ನೀರಿನತ್ತ ಹೊರಗೆ ಮುಖ ಮಾಡುತ್ತವೆ, ಹೀಗೆ ಸುತ್ತುವರಿದ ಎಣ್ಣೆಯ ಕಣ ಮಿಸೆಲ್ ಎಂಬ ಗೋಳವಾಗಿ ನೀರಿನಲ್ಲಿ ತೇಲತೊಡಗುತ್ತದೆ. ಶಾಂಪೂ, ಬಟ್ಟೆಯ ಪುಡಿ ಮುಂತಾದವುಗಳಲ್ಲಿರುವ ಸಾಮಾನ್ಯ ಮಾರ್ಜಕಗಳ ತಲೆಗೆ ಋಣ ವಿದ್ಯುದಂಶವಿರುತ್ತದೆ. ಅವು ಕಣದ ಮೇಲೂ ಬಣ್ಣದ ಮೇಲೂ ಕೂತಾಗ ಎರಡೂ ಪರಸ್ಪರ ವಿಕರ್ಷಿಸಿ ದೂರ ಸರಿಯುತ್ತವೆ. ಅಷ್ಟೇ ಮುಖ್ಯವಾದ ಇನ್ನೊಂದು ಉಪಕಾರವೆಂದರೆ ಜಾರಿಕೆ: ಮಾರ್ಜಕದ ನೀರು ಬಟ್ಟೆ ಮತ್ತು ಬಣ್ಣದ ನಡುವೆ ನಿಂತು, ತಪ್ಪಿಸಿಕೊಂಡ ಕಣ ಕೊರೆಯದಂತೆ ಹೊರಳಿಸಿಕೊಂಡು ಹೋಗುತ್ತದೆ. ಇದಕ್ಕೆಲ್ಲ ಬೇಕಾದದ್ದು ಸಮಯ. ನೊರೆ ಹಚ್ಚಿ ಮೂರು ನಾಲ್ಕು ನಿಮಿಷ ಹಾಗೆಯೇ ಬಿಟ್ಟರೆ ಅರ್ಧ ಕೆಲಸ ಕೈ ಮುಟ್ಟದೆಯೇ ಆಗುತ್ತದೆ, ನೆರಳಿನಲ್ಲಿ ಮಾಡಿದರೆ ಮಾತ್ರ; ಬಿಸಿಲಿನಲ್ಲಿ ನೊರೆ ಒಣಗಿ ಮತ್ತೊಂದು ಕಲೆಯಾಗುತ್ತದೆ.

ಯಾವ ಮಾರ್ಜಕ ಎಂಬ ವಿಷಯದಲ್ಲಿ ಜನರ ರೂಢಿ ಅರ್ಧ ಸರಿ, ಅರ್ಧ ತಪ್ಪು. ಕಿರಾಣಿ ಅಂಗಡಿಯಲ್ಲಿ ಸಿಗುವ ತಲೆಗೂದಲಿನ ಶಾಂಪೂವಿನ ಸಣ್ಣ ಪ್ಯಾಕೆಟ್ ಒಡೆದು ಬಕೆಟ್ಟಿಗೆ ಹಾಕುವುದು ಒಳ್ಳೆಯ ಉಪಾಯ, ಏಕೆಂದರೆ ಕೂದಲಿಗಾಗಿ ಮಾಡಿದ ದ್ರವ ತೀರ ಆಮ್ಲವೂ ಅಲ್ಲದ ತೀರ ಕ್ಷಾರವೂ ಅಲ್ಲದ ನಡುಮಟ್ಟದಲ್ಲಿರುತ್ತದೆ. ಐದು ಲೀಟರ್ ನೀರಿಗೆ ಒಂದೆರಡು ಪ್ಯಾಕೆಟ್ ಸಾಕು, ಅದಕ್ಕಿಂತ ಹೆಚ್ಚು ಹಾಕಿದರೆ ನೊರೆ ಹೆಚ್ಚುತ್ತದೆಯೇ ಹೊರತು ತೊಳೆಯುವ ಶಕ್ತಿ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಬಟ್ಟೆ ಒಗೆಯುವ ಪುಡಿಯ ವಿಷಯ ಬೇರೆ. ಅದರಲ್ಲಿ ಸೋಡಿಯಂ ಕಾರ್ಬೋನೇಟ್, ಅಂದರೆ ತೊಳೆಯುವ ಸೋಡಾ ಇರುವುದರಿಂದ ನೀರು ಗಟ್ಟಿ ಕ್ಷಾರವಾಗುತ್ತದೆ. ಅಲ್ಯೂಮಿನಿಯಂ ಆಮ್ಲಕ್ಕೂ ಕ್ಷಾರಕ್ಕೂ ಕರಗುವ ಲೋಹ. ಅದನ್ನು ಕಾಪಾಡುವ ಆಕ್ಸೈಡಿನ ಪೊರೆ ಪಿಎಚ್ ಅಳತೆಯಲ್ಲಿ ಸುಮಾರು 4ರಿಂದ 8.5ರವರೆಗಿನ ದ್ರವದಲ್ಲಷ್ಟೇ ಭದ್ರ. ಎಂಜಿನ್ನಿನ ಹೊರಕವಚ, ಅಲಾಯ್ ಚಕ್ರ, ಹ್ಯಾಂಡಲ್ಲಿನ ಲಿವರ್ ಮುಂತಾದವು ವರ್ಷಗಳು ಕಳೆದಂತೆ ಬಿಳಿಚಿಕೊಂಡು ಮಬ್ಬಾಗುವುದರ ಹಿಂದೆ ಈ ಪುಡಿಯ ಕೈವಾಡವೂ ಇರುತ್ತದೆ. ಇನ್ನು ಕೊಬ್ಬಿನಿಂದ ಮಾಡಿದ ಸಾಬೂನಿನ ಬಾರನ್ನು ಬಳಸಿದರೆ, ನೀರಿನಲ್ಲಿರುವ ಕ್ಯಾಲ್ಸಿಯಂ ಸಾಬೂನಿನ ಅಣುಗಳನ್ನು ಹಿಡಿದು ನೀರಿನಲ್ಲಿ ಕರಗದ ಜಿಡ್ಡಿನ ಗಸಿಯನ್ನಾಗಿ ಮಾಡುತ್ತದೆ, ಗಾಡಿ ತೊಳೆದ ಮೇಲೂ ಜಿಗುಟಾಗಿಯೇ ಇರುತ್ತದೆ.

ಇಲ್ಲಿಂದ ಮಾತು ನೀರಿನ ಕಡೆಗೆ ತಿರುಗಬೇಕು. ಹಲಸೂರಿಗೆ ತನ್ನದೇ ಹೆಸರಿನ ಕೆರೆಯಿದೆ, 19ನೆಯ ಶತಮಾನದ ಆರಂಭದಲ್ಲಿ ದಂಡು ಪ್ರದೇಶ ಬೆಳೆದದ್ದೂ ಆ ಕೆರೆಯ ಆಸುಪಾಸಿನಲ್ಲಿಯೇ, ಆದರೆ ಇಂದು ಮನೆಗಳ ನಲ್ಲಿಗೆ ಬರುವುದು ಸುಮಾರು 100 ಕಿಲೋಮೀಟರ್ ದೂರದ ಕಾವೇರಿ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಪಂಪು ಮಾಡಿ ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿದ ನೀರು ಅದು. ಭೌತವಿಜ್ಞಾನದ ಸರಳ ಲೆಕ್ಕದಂತೆ 100 ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ಯಾವ ಸೋರಿಕೆಯೂ ಇಲ್ಲದಿದ್ದರೂ 0.136 ಯೂನಿಟ್ ವಿದ್ಯುತ್ ಬೇಕು. ನೀರು ತೀವ್ರವಾಗಿ ಕಡಿಮೆಯಾದ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು, 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಹೊರಡಿಸಿತು. ಇದು ಅತಿಯಾಯಿತೆಂದು ಆಗ ಅನೇಕರಿಗೆ ಅನ್ನಿಸಿದ್ದುಂಟು. ನಗರದಲ್ಲಿ ನೋಂದಣಿಯಾದ ದ್ವಿಚಕ್ರ ವಾಹನಗಳು 70 ಲಕ್ಷಕ್ಕೂ ಹೆಚ್ಚು; ಪೈಪು ಹಿಡಿದು ತೊಳೆದರೆ ಒಂದಕ್ಕೆ 100 ಲೀಟರ್ ಹೋಗುವುದು ಕಷ್ಟವೇನಲ್ಲ, ತಿಂಗಳಿಗೆ ಒಂದೇ ಸಲ ಎಂದಿಟ್ಟುಕೊಂಡರೂ ಮೊತ್ತ 70 ಕೋಟಿ ಲೀಟರ್. ಕಾವೇರಿ ನೀರಿನ ಐದನೆಯ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಆರಂಭವಾಗುವ ಮೊದಲು ನಗರಕ್ಕೆ ದಿನಕ್ಕೆ ಬರುತ್ತಿದ್ದ ಕಾವೇರಿ ನೀರು ಸುಮಾರು 145 ಕೋಟಿ ಲೀಟರ್ ಆಗಿದ್ದುದರಿಂದ, ಇಡೀ ಊರಿನ ಅರ್ಧ ದಿನದ ನೀರು ಬೈಕುಗಳ ಮೇಲೆ ಹರಿದಂತಾಯಿತು. ಊರಿನ ಬಾಯಾರಿಕೆಗೆ ಬೈಕು ತೊಳೆಯುವುದೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಅದರ ಬಹುಭಾಗ ಧೂಳನ್ನೂ ತೆಗೆಯದೆ ಹರಿದುಹೋಗುವ ನೀರು ಎಂಬುದನ್ನು ನೆನೆದರೆ ನಿಷೇಧ ನ್ಯಾಯವಾದದ್ದೇ.

ಕಾವೇರಿ ಬಾರದ ದಿನ ಸಂಪು ತುಂಬುವುದು ಕೊಳವೆಬಾವಿಯ ನೀರು ಅಥವಾ ಟ್ಯಾಂಕರ್ ನೀರು. ನೂರಾರು ಅಡಿ ಆಳದ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ನೀರು ಸಿಗದ ಕಡೆ 600ರವರೆಗೆ ಒಪ್ಪಬಹುದು. 600ರ ನೀರಿನ ಒಂದು ಹನಿ ಟ್ಯಾಂಕಿನ ಮೇಲೆ ಒಣಗಿದರೆ ಅಲ್ಲಿ ಉಳಿಯುವ ಸುಣ್ಣ ಒಂದು ಮಿಲಿಗ್ರಾಮಿನ ನೂರರಲ್ಲಿ ಮೂರು ಭಾಗ. ತೂಕದಲ್ಲಿ ಏನೂ ಅಲ್ಲ, ಕಣ್ಣಿಗೆ ಮಾತ್ರ ಬೆಳ್ಳಗೆ ಹೊಡೆಯುತ್ತದೆ. ಏಕೆ ಹಾಗೆ ಎಂಬುದಕ್ಕೆ ಉತ್ತರ 1997ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ನಡುವೆ ತೆಳುವಾಗಿ, ಅಂಚಿನಲ್ಲಿ ಮಾತ್ರ ದಟ್ಟ ಉಂಗುರವಾಗಿ ಉಳಿಯುವಂತೆ, ನೀರಿನ ಹನಿಯ ಅಂಚು ಒಂದೆಡೆ ಅಂಟಿಕೊಂಡು ನಿಂತಾಗ ಅಲ್ಲಿ ಆವಿಯಾದ ನೀರನ್ನು ತುಂಬಿಕೊಡಲು ಒಳಗಿನಿಂದ ಹೊರಕ್ಕೆ ನೀರು ಹರಿಯುತ್ತಲೇ ಇರುತ್ತದೆ, ಆ ಹರಿವು ತನ್ನಲ್ಲಿರುವುದನ್ನೆಲ್ಲ ಅಂಚಿಗೆ ಸಾಗಿಸಿ ಗುಡ್ಡೆ ಹಾಕುತ್ತದೆ. ಬಿಸಿಲಿನಲ್ಲಿ ನಿಂತ ಕಪ್ಪು ಟ್ಯಾಂಕು 60 ಡಿಗ್ರಿ ದಾಟಬಲ್ಲುದಾದ್ದರಿಂದ ಅಲ್ಲಿ ಈ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಉಂಗುರ ಹೊಸದಾಗಿದ್ದರೆ, ಸಮಪಾಲು ನೀರು ಬೆರೆಸಿದ ವಿನಿಗರ್ ತಾಗಿಸಿದ ಬಟ್ಟೆಯನ್ನು ಒಂದು ನಿಮಿಷ ಇಟ್ಟು ಚೆನ್ನಾಗಿ ತೊಳೆದರೆ ಸುಣ್ಣ ಕರಗುತ್ತದೆ. ಹಳೆಯದಾದಷ್ಟೂ ಬಿಡಿಸುವುದು ಕಷ್ಟ.

ಹೀಗಿರುವಾಗ ಯಾವ ನೀರು ಮೊದಲು, ಯಾವುದು ಕೊನೆಗೆ ಎಂಬುದೇ ಮನೆಯ ಡಿಟೈಲಿಂಗಿನ ಗುಟ್ಟು. ಮನೆಯ ಆರ್‌ಒ ಯಂತ್ರ ಒಂದು ಲೀಟರ್ ಕುಡಿಯುವ ನೀರು ಕೊಟ್ಟು ಮೂರು ಲೀಟರ್ ಹೊರಬಿಡುತ್ತದೆ ಎಂದಿಟ್ಟುಕೊಂಡರೆ, ನಾಲ್ಕು ಲೀಟರಿನ ಉಪ್ಪು ಮೂರು ಲೀಟರಿಗೆ ಇಳಿದಂತಾಗುವುದರಿಂದ ಹೊರಬಿದ್ದ ನೀರು ಮೂಲ ನೀರಿಗಿಂತ ಮೂರನೆಯ ಒಂದು ಭಾಗದಷ್ಟು ಹೆಚ್ಚು ಉಪ್ಪಾಗಿರುತ್ತದೆ. ಕೆಸರು ಇಳಿಸುವ ಮೊದಲ ಸುತ್ತಿಗೆ ಅದು ತಕ್ಕದ್ದು, ಕೊನೆಯ ಸುತ್ತಿಗೆ ತಕ್ಕದ್ದಲ್ಲ. ಕೊನೆಯ ಸುತ್ತಿಗೆ ಬೇಕಾದ ಲವಣವಿಲ್ಲದ ನೀರು ಎರಡು ಕಡೆ ಪುಕ್ಕಟೆಯಾಗಿ ಸಿಗುತ್ತದೆ: ಒಂದು, ಎಸಿ ಯಂತ್ರದ ಪೈಪಿನಿಂದ ತೊಟ್ಟಿಕ್ಕುವ, ಗಾಳಿಯ ತೇವವೇ ತಣಿದು ನೀರಾದದ್ದು, ಇನ್ನೊಂದು ಮಳೆಯ ನೀರು. ಜಲಮಂಡಳಿಯ ಕಾಯಿದೆಗೆ 2009ರಲ್ಲಿ ಆದ ತಿದ್ದುಪಡಿ ನಿಗದಿತ ಅಳತೆ ಮೀರಿದ ನಿವೇಶನಗಳಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿತು. ತಾರಸಿಯಿಂದ ಇಳಿದ ಎರಡು ಬಕೆಟ್ ಮಳೆನೀರು ಬೈಕಿನ ಬಣ್ಣಕ್ಕೆ ಯಾವ ದುಬಾರಿ ಪಾಲಿಶಿಗಿಂತಲೂ ಹಿತ.

ಕೆಲಸದ ಕ್ರಮ ಹೀಗೆ. ಬಂದ ಕೂಡಲೇ ತೊಳೆಯದೆ ಎಂಜಿನ್ ತಣಿಯಲು ಅರ್ಧ ಗಂಟೆ ಬಿಡಬೇಕು, ಏಕೆಂದರೆ ಸೈಲೆನ್ಸರಿನ ಕೊಳವೆ ಎಂಜಿನ್ನಿನ ಬಳಿ 200 ಡಿಗ್ರಿ ಮೀರಿ ಕಾದಿರುತ್ತದೆ, ತಣ್ಣೀರು ಬಿದ್ದರೆ ಒಂದೆಡೆ ಕುಗ್ಗಿ ಒಂದೆಡೆ ಹಿಗ್ಗಿದ ಲೋಹದ ಮೇಲೆ ಒತ್ತಡ ಬೀಳುತ್ತದೆ. ಸೈಲೆನ್ಸರಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಮಗ್ಗಿನಲ್ಲಿ ಮೂರು ನಾಲ್ಕು ಲೀಟರ್ ನೀರನ್ನು ಮೇಲಿನಿಂದ ನಿಧಾನವಾಗಿ ಇಳಿಬಿಟ್ಟು ದಪ್ಪ ಮಣ್ಣು ನೆನೆದು ಜಾರುವಂತೆ ಮಾಡಬೇಕು. ಆಮೇಲೆ ಶಾಂಪೂ ನೀರಿನ ಬಕೆಟ್ ಒಂದು, ಬಟ್ಟೆ ಜಾಲಿಸಲು ಬರಿ ನೀರಿನ ಬಕೆಟ್ ಒಂದು. ಪ್ರತಿ ಸಲ ಬಟ್ಟೆಯನ್ನು ಮೊದಲು ಬರಿ ನೀರಿನಲ್ಲಿ ಜಾಲಿಸಿ ಮಣ್ಣು ತಳಕ್ಕೆ ಇಳಿಯಲು ಬಿಟ್ಟು, ನಂತರವೇ ಶಾಂಪೂ ನೀರಿಗೆ ಅದ್ದಬೇಕು. ಒಂದೇ ಬಕೆಟ್ಟಿನಲ್ಲಿ ತೊಳೆದರೆ ಟ್ಯಾಂಕಿನಿಂದ ತೆಗೆದ ಬೆಣಚನ್ನು ಮರಳಿ ಟ್ಯಾಂಕಿಗೇ ಹಚ್ಚಿದಂತಾಗುತ್ತದೆ. ಟ್ಯಾಂಕು ಮೊದಲು, ಮಡ್‌ಗಾರ್ಡ್ ಆಮೇಲೆ, ಎಂಜಿನ್ ಮತ್ತು ಚಕ್ರಗಳು ಎಲ್ಲಕ್ಕಿಂತ ಕೊನೆಗೆ, ಅದೂ ಬೇರೆ ಬಟ್ಟೆಯಲ್ಲಿ. ಕೈ ಸುತ್ತು ಸುತ್ತಾಗಿ ಆಡದೆ ನೇರ ಗೆರೆಯಲ್ಲಿ, ಒತ್ತದೆ, ಆಡಬೇಕು. ಒಟ್ಟು 15 ಲೀಟರಿನೊಳಗೆ ಇದೆಲ್ಲ ಮುಗಿಯುತ್ತದೆ. ಬಟ್ಟೆಯ ಬಗೆಗೆ ಹೇಳುವುದಾದರೆ ಗ್ಯಾರೇಜುಗಳಲ್ಲಿ ಬಳಸುವ ಬನಿಯನ್ ವೇಸ್ಟು ಎಂಜಿನ್ನಿಗೆ, ಚೈನಿಗೆ ಸಾಕು, ಬಣ್ಣಕ್ಕೆ ಬೇಕಾದದ್ದು ಮೈಕ್ರೋಫೈಬರ್. ರೇಷ್ಮೆಗೂಡಿನ ಎಳೆಗಿಂತಲೂ ತೆಳುವಾದ, ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ ಸೀಳಿದ ಎಳೆಗಳ ನಡುವಿನ ಸಂದುಗಳು ಧೂಳಿನ ಕಣವನ್ನು ಒಳಗೆ ಎಳೆದುಕೊಂಡು ಮೇಲ್ಮೈಯಿಂದ ದೂರ ಇಡುತ್ತವೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಟ್ಯಾಂಕಿಗೆ ತಾಗಿಸಬಾರದು.

ಕ್ರೋಮ್ ಇರುವ ಹಳೆಯ ಗಾಡಿಗಳ ಕಥೆ ಬೇರೆ. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಬೈಕುಗಳ ಟ್ಯಾಂಕಿನ ಪಕ್ಕೆಗಳಲ್ಲಿ ಕನ್ನಡಿಯಂತೆ ಹೊಳೆಯುವ ಲೇಪವಿತ್ತು, ಇಂದಿಗೂ ಬೆಂಗಳೂರಿನಲ್ಲಿ ಅವುಗಳನ್ನು ಮಕ್ಕಳಂತೆ ಸಾಕುವವರಿದ್ದಾರೆ. ಆ ಹೊಳಪಿನಲ್ಲಿ ಕ್ರೋಮಿಯಂ ಒಂದು ಮೈಕ್ರಾನಿಗೂ ಕಡಿಮೆ. ತುಕ್ಕನ್ನು ತಡೆಯುವುದು ಅದರ ಕೆಳಗಿನ, ಹತ್ತಾರು ಮೈಕ್ರಾನ್ ದಪ್ಪದ ನಿಕ್ಕಲ್. ಕ್ರೋಮಿಯಂ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಸಹಜವಾಗಿಯೇ ಇರುತ್ತವೆ, ಅವುಗಳ ಮೂಲಕ ಇಳಿದ ನೀರು ನಿಕ್ಕಲನ್ನು ತೂತುಮಾಡಿ ಉಕ್ಕನ್ನು ಮುಟ್ಟಿದ ಕಡೆ ಸೂಜಿಮೊನೆಯಷ್ಟು ಕಂದು ಚುಕ್ಕೆಯೇಳುತ್ತದೆ. ಇದಕ್ಕೆ ಉಪ್ಪುಕಾಗದ ಹಾಕಿದರೆ ಇರುವ ಕ್ರೋಮೂ ಹೋಗುತ್ತದೆ. ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಮುದುರಿ ನೀರಿನಲ್ಲಿ ಅದ್ದಿ ಮೆಲ್ಲಗೆ ತಿಕ್ಕಿದರೆ, ಕ್ರೋಮಿಯಂಗಿಂತ ಬಹಳ ಮೆದುವಾದ ಆ ಹಾಳೆ ತುಕ್ಕನ್ನು ಮಾತ್ರ ತೆಗೆದು ಹೊಳಪನ್ನು ಉಳಿಸುತ್ತದೆ. ಎಂಜಿನ್ನಿಗೆ ಹತ್ತಿರದ ಕೊಳವೆ ಹಳದಿಗೆ, ಆಮೇಲೆ ನೀಲಿಗೆ ತಿರುಗುವುದನ್ನು ಮಾತ್ರ ಯಾವ ಶಾಂಪೂವೂ ತೊಳೆಯಲಾರದು, ಏಕೆಂದರೆ ಅದು ಕೊಳೆಯೇ ಅಲ್ಲ. ಕಾದ ಲೋಹದ ಮೇಲೆ ಬೆಳೆದ ಆಕ್ಸೈಡಿನ ಪೊರೆಯ ಮೇಲ್ಮೈಯಿಂದ ಮತ್ತು ತಳದಿಂದ ಮರಳಿದ ಬೆಳಕಿನ ಅಲೆಗಳು ಒಂದಕ್ಕೊಂದು ಕೂಡಿ ಕೆಲವು ಬಣ್ಣಗಳನ್ನು ಅಳಿಸಿ ಕೆಲವನ್ನು ಎತ್ತಿ ತೋರಿಸುವುದರ ಫಲ ಅದು. ಸಾದಾ ಉಕ್ಕಿನಲ್ಲಿ ಒಣಹುಲ್ಲಿನ ಹಳದಿ 220 ಡಿಗ್ರಿಯ ಮೇಲೆ, ನೀಲಿ 300ರ ಆಸುಪಾಸಿನಲ್ಲಿ ಮೂಡುತ್ತದೆ, ಕ್ರೋಮ್ ಮತ್ತು ಸ್ಟೇನ್‌ಲೆಸ್ ಉಕ್ಕಿನಲ್ಲಿ ಅದಕ್ಕೆ ಇನ್ನೂ ಹೆಚ್ಚು ಬಿಸಿ ಬೇಕು.

ಗಾಡಿಯನ್ನು ವರ್ಷದಲ್ಲಿ ಎಲ್ಲರೂ ತಪ್ಪದೆ ತೊಳೆಯುವ ದಿನ ಆಯುಧ ಪೂಜೆ. ತೊಳೆದ ಗಾಡಿಗೆ ಹಚ್ಚುವ ಅರಿಶಿನ, ಕುಂಕುಮ, ಮುಡಿಸುವ ಚೆಂಡುಹೂವು, ಚಕ್ರದ ಕೆಳಗಿಡುವ ನಿಂಬೆಹಣ್ಣು ಇವುಗಳ ಸ್ವಭಾವ ತಿಳಿದಿದ್ದರೆ ಪೂಜೆಗೂ ಲೋಪವಿಲ್ಲ, ಬಣ್ಣಕ್ಕೂ ಕುಂದಿಲ್ಲ. ನಿಂಬೆಯ ರಸದಲ್ಲಿರುವ ಸಿಟ್ರಿಕ್ ಆಮ್ಲ ಅಲಾಯ್ ಚಕ್ರದ ಅಲ್ಯೂಮಿನಿಯಮ್ಮನ್ನು ಕಚ್ಚುತ್ತದೆ. ಅರಿಶಿನದ ಬಣ್ಣ ತಿಳಿ ಬಣ್ಣದ ಪ್ಲಾಸ್ಟಿಕ್ಕಿನೊಳಗೆ ಇಳಿಯುತ್ತದೆ. ಅಂದು ಸಂಜೆಯೋ ಮರುದಿನ ಬೆಳಿಗ್ಗೆಯೋ ಒಂದು ಮಗ್ ನೀರು ಸುರಿದರೆ ಸಾಕಾಗುವ ಈ ಕೆಲಸವನ್ನು ವಾರ ಬಿಟ್ಟರೆ ಕಲೆ ನಿಲ್ಲುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿರುವುದರಿಂದ ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ, ಆದರೆ ಅದನ್ನು ಒರೆಸದೆ ಒದ್ದೆ ಬಟ್ಟೆಯನ್ನು ಐದು ನಿಮಿಷ ಮೇಲೆ ಹೊದಿಸಿ ನೆನೆದ ಮೇಲೆ ಎತ್ತಿಬಿಡಬೇಕು. ಮರದ ಕೆಳಗೆ ನಿಲ್ಲಿಸಿದ ಗಾಡಿಯ ಮೇಲಿನ ಅಂಟು ಎಷ್ಟೋ ಸಲ ಮರದ ರಸವಲ್ಲ, ಎಲೆಯ ರಸ ಹೀರುವ ಕೀಟಗಳು ಹೊರಹಾಕುವ ಸಕ್ಕರೆಯ ದ್ರವ. ಉಗುರುಬೆಚ್ಚಗಿನ ನೀರಿಗೆ ಕರಗಿಹೋಗುತ್ತದೆ.

ಮೇಣ ಮತ್ತು ಸೆರಾಮಿಕ್ ಲೇಪಗಳ ಬಗೆಗೆ ಅಂಗಡಿಗಳು ಹೇಳುವುದರಲ್ಲಿ ಸತ್ಯವೂ ಇದೆ, ಉತ್ಪ್ರೇಕ್ಷೆಯೂ ಇದೆ. ಬ್ರೆಜಿಲಿನ ಒಂದು ಜಾತಿಯ ತಾಳೆಯ ಎಲೆಯಿಂದ ಬರುವ, ಸುಮಾರು 82 ಡಿಗ್ರಿಯವರೆಗೆ ಕರಗದ ಕಾರ್ನೌಬಾ ಮೇಣವನ್ನು ತೆಳುವಾಗಿ ಹಚ್ಚಿದರೆ ನೀರು ಹರಡದೆ ಹನಿಗಟ್ಟಿ ಉರುಳುತ್ತದೆ, ಧೂಳಿಗೂ ಹಿಡಿತ ಸಿಗುವುದಿಲ್ಲ. ತಾವರೆಯ ಎಲೆಯಲ್ಲಿ ಮೇಣದ ಜೊತೆಗೆ ಸೂಕ್ಷ್ಮ ಉಬ್ಬುಗಳೂ ಇರುವುದರಿಂದ ಉರುಳುವ ಹನಿ ಕೊಳೆಯನ್ನೂ ಕೊಂಡೊಯ್ಯುತ್ತದೆ ಎಂದು ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ತ್‌ಲೋಟ್ ಮತ್ತು ನೈನ್‌ಹುಯಿಸ್ 1997ರಲ್ಲಿಯೇ ವಿವರಿಸಿದರು. ಮೇಣ ಹಚ್ಚಿದ ಟ್ಯಾಂಕು ತನ್ನನ್ನು ತಾನೇ ಅಷ್ಟು ಚೆನ್ನಾಗಿ ತೊಳೆದುಕೊಳ್ಳಲಾರದು. ಹನಿಗಟ್ಟಿದ ಗಡಸು ನೀರನ್ನು ಒರೆಸದೆ ಬಿಟ್ಟರೆ ಮೇಣವಿಲ್ಲದ ಟ್ಯಾಂಕಿಗಿಂತ ಹೆಚ್ಚು ಸುಣ್ಣದ ಚುಕ್ಕೆಗಳು ಏಳುತ್ತವೆ ಎಂಬುದನ್ನು ಮಾರುವವರು ಹೇಳುವುದು ಅಪರೂಪ. ಸೆರಾಮಿಕ್ ಲೇಪದ ಡಬ್ಬಿಯ ಮೇಲಿನ 9ಎಚ್ ಎಂಬ ಅಂಕವನ್ನು ಮೋಸ್ ಮಾಪಕದ 9 ಎಂದು ತಿಳಿದರೆ ಮೋಸ ಹೋದಂತೆ: ಅದು ಪೆನ್ಸಿಲ್ಲಿನ ಸೀಸದ ಗಡಸುತನ, ಅಂಥ ಪೆನ್ಸಿಲ್ಲಿಗೆ ಗೀರದ ಲೇಪ ಎಂದಷ್ಟೇ ಅದರ ಅರ್ಥ. ಹಲಸೂರಿನ ಬೀದಿಯ ಬೆಣಚು ಪೆನ್ಸಿಲ್ಲಲ್ಲ.

ವಾಟರ್ ಸರ್ವೀಸಿನ ಯಂತ್ರ ಈಗ ಮನೆಬಳಕೆಗೂ ಸಿಗುತ್ತದೆ. 100 ವಾಯುಭಾರವನ್ನೂ ಮೀರುವ ಒತ್ತಡದ ಆ ನೀರು ಚಕ್ರದ ಬೇರಿಂಗಿನ ರಬ್ಬರ್ ಸೀಲನ್ನು ದಾಟಿ ಗ್ರೀಸನ್ನು ಕದಡಬಲ್ಲುದು, ಸ್ವಿಚ್ಚು ಮತ್ತು ವಯರಿನ ಜೋಡಣೆಗಳೊಳಗೆ ನುಗ್ಗಬಲ್ಲುದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಹೊಗೆ ನಿಯಮದ ಗಾಡಿಗಳಲ್ಲಿ ಸಂವೇದಕಗಳು ಹೆಚ್ಚಿರುವುದರಿಂದ ಅಪಾಯವೂ ಹೆಚ್ಚು. ಚೈನಿನ ವಿಷಯದಲ್ಲಿಯೂ ಅದೇ ಎಚ್ಚರ ಬೇಕು. ಓ ರಿಂಗ್ ಇರುವ ಚೈನಿನ ಕೊಂಡಿಗಳೊಳಗೆ ಕಾರ್ಖಾನೆಯಲ್ಲಿಯೇ ಗ್ರೀಸ್ ತುಂಬಿ ರಬ್ಬರ್ ಬಳೆಯಿಂದ ಮುಚ್ಚಿರುತ್ತಾರೆ. ಪೆಟ್ರೋಲ್ ಹಾಕಿ ತಿಕ್ಕಿದರೆ ಆ ರಬ್ಬರು ಉಬ್ಬಿ ಹಾಳಾಗುತ್ತದೆ, ಪೆಟ್ರೋಲಿನ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಮೆದು ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಒಣಗಿದ ಮೇಲೆ ಎಸ್‌ಎಇ 90 ಗೇರ್ ಎಣ್ಣೆ ಹಚ್ಚಿ ಹೆಚ್ಚಾದದ್ದನ್ನು ಒರೆಸಿದರೆ ಸಾಕು. ಈ ಕೆಲಸವನ್ನು ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆರಿಸಿ, ಚಕ್ರವನ್ನು ಕೈಯಿಂದಲೇ ತಿರುಗಿಸುತ್ತಾ ಮಾಡಬೇಕು; ಗೇರಿಗೆ ಹಾಕಿ ಎಂಜಿನ್ ಓಡಿಸುತ್ತಾ ಚೈನು ಒರೆಸಹೋದವರ ಬೆರಳುಗಳು ಬಟ್ಟೆಯ ಜೊತೆಗೆ ಹಲ್ಲುಚಕ್ರಕ್ಕೆ ಸಿಕ್ಕಿವೆ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದೂ ತೊಳೆಯುವವರ ಲೆಕ್ಕಕ್ಕೆ ಸೇರಬೇಕು. ಬೀದಿಯ ಬದಿಯ ಮೋರಿ ಮಳೆನೀರಿಗಾಗಿ ಇರುವುದು, ಅದು ಶುದ್ಧೀಕರಣ ಘಟಕಕ್ಕೆ ಹೋಗದೆ ರಾಜಕಾಲುವೆಯ ಮೂಲಕ ಕೆರೆ ಸೇರುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ನೀರಿನಲ್ಲಿ ಆಮ್ಲಜನಕ ಕುಸಿದಿತ್ತು. ಅದಕ್ಕೆ ಚರಂಡಿಯ ಕೊಳಚೆ ಹೊಣೆಯೇ ಹೊರತು ಬೈಕುಗಳಲ್ಲ, ಆದರೆ ಮಾರ್ಜಕ ಮೀನಿನ ಕಿವಿರಿಗೆ ಒಳ್ಳೆಯದು ಮಾಡುವುದಿಲ್ಲ, ಬೆಳ್ಳಂದೂರು ಕೆರೆ ನೊರೆ ಕಾರಿದ್ದನ್ನು ಊರೆಲ್ಲ ಕಂಡಿದೆ. ಸೀಮೆಎಣ್ಣೆಯ ತೊಟ್ಟುಗಳು ನೆಲಕ್ಕಿಳಿಯದಂತೆ ಚೈನಿನ ಕೆಳಗೆ ರಟ್ಟು ಹಾಸಿಕೊಳ್ಳಬೇಕು, ಶಾಂಪೂವನ್ನು ಅಳತೆಯಲ್ಲಿ ಬಳಸಬೇಕು, ಒಳಗಿನ ಚರಂಡಿಗೆ ನೀರು ಬಿಡುವ ಅನುಕೂಲವಿರುವವರು ಬಚ್ಚಲ ಬಳಿಯೇ ತೊಳೆಯಬೇಕು.

ಒರೆಸಿ ಮುಗಿಸಿದ ಗಾಡಿಯ ಬ್ರೇಕಿನ ಡಿಸ್ಕಿಗಾಗಲಿ ಟೈರಿನ ಮೇಲ್ಮೈಗಾಗಲಿ ಪಾಲಿಶ್, ಮೇಣ, ಎಣ್ಣೆ ಯಾವುದನ್ನೂ ತಾಗಿಸಬಾರದು. ಒದ್ದೆಯಾದ ಡಿಸ್ಕ್ ಮತ್ತು ಪ್ಯಾಡಿನ ನಡುವೆ ನೀರಿನ ಪೊರೆ ಇರುವವರೆಗೆ ಬ್ರೇಕು ತಡವಾಗಿ ಹಿಡಿಯುತ್ತದೆ, ಡ್ರಮ್ ಬ್ರೇಕಿನೊಳಗೆ ಹೊಕ್ಕ ನೀರು ಒಣಗಲು ಇನ್ನೂ ಹೆಚ್ಚು ಹೊತ್ತು ಬೇಕು. ಆದ್ದರಿಂದ ತೊಳೆದ ಬೈಕನ್ನು ಹಳೇ ಮದ್ರಾಸ್ ರಸ್ತೆಯ ಸಂದಣಿಗೆ ಇಳಿಸುವ ಮುನ್ನ ಓದುಗರು ತಮ್ಮ ಬೀದಿಯಲ್ಲಿಯೇ ನಿಧಾನವಾಗಿ ಒಂದು ಸುತ್ತು ಹೋಗಿ, ಮುಂದಿನ ಬ್ರೇಕನ್ನೂ ಹಿಂದಿನ ಬ್ರೇಕನ್ನೂ ನಾಲ್ಕೈದು ಸಲ ಹಿಡಿದು ಬಿಟ್ಟು, ಎರಡೂ ಎಂದಿನಂತೆ ನಿಲ್ಲಿಸುತ್ತವೆ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು.